ಕಣ್ಣಿನ ಮೇಲೆ ಒಂದು ಕೂದಲು

ಫೆಬ್ರವರಿ ೪

ಕುಂಚಾ,

ಕವರಿನ ಮೇಲಿನ ವಿಳಾಸವನ್ನು ಆಫೀಸಿನ ಟೈಪಿಸ್ಟ್ ಕೈಲಿ ಹೊಡೆಸಿದ್ದೇನೆ. ನನ್ನ ಅಕ್ಷರ ಕಂಡರೆ ಒಡೆಯದೆ ಎತ್ತಿಡುತ್ತೀಯೇನೋ ಎಂಬ ಅನುಮಾನ. ಈಗ ಒಡೆದಾಗಿದೆ, ಓದಿಬಿಡು.

ವಿಳಾಸ ಕೊಟ್ಟವಳು ನಿನ್ನ ತಂಗಿ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದಳು, ಅವಳೇ ಗುರುತು ಹಿಡಿದಳು. "ಅಕ್ಕ ಈಗ ಕನ್ನಡಕದ ಅಂಗಡೀಲಿ ಗಾಜು ಉಜ್ಜುತ್ತಾಳೆ. ಫೋನ್ ಮಾಡಿದ್ರೆ ಎತ್ತಲ್ಲ. ಕಾಗದ ಆದ್ರೆ ಓದ್ತಾಳೆ, ಉತ್ತರ ಬರೀತಾಳೋ ಇಲ್ವೋ ಹೇಳಕ್ಕಾಗಲ್ಲ" ಎಂದಳು. ನೀನು ಬದಲಾಗಿಲ್ಲ ಎಂದುಕೊಂಡೆ.

ನಾನು ಇನ್ನೂ ಅದೇ ವಸ್ತುಸಂಗ್ರಹಾಲಯದಲ್ಲಿ, ಅದೇ ಕೀಟಗಳ ಕೋಣೆಯಲ್ಲಿ ಇದ್ದೇನೆ. ಮೇಷ್ಟ್ರು ತೀರಿಕೊಂಡು ಒಂಬತ್ತು ವರ್ಷವಾಯಿತು. ಹುಳುಗಳಿಗೆ ಚೀಟಿ ಬರೆಯುತ್ತಿದ್ದ ನನ್ನನ್ನು 'ಚೀಟಿ' ಎಂದೂ, ಚಿತ್ರ ಬರೆಯುತ್ತಿದ್ದ ನಿನ್ನನ್ನು 'ಕುಂಚ' ಎಂದೂ ಕರೆಯುವವರು ಈಗ ಇಲ್ಲಿ ಯಾರೂ ಉಳಿದಿಲ್ಲ. ನಾನು ಈಗ ಬರೀ ಮೇಡಂ.

ವಿಷಯಕ್ಕೆ ಬರುತ್ತೇನೆ. ಸಂಗ್ರಹವನ್ನೆಲ್ಲ ಹೊಸ ಕಟ್ಟಡಕ್ಕೆ ಸಾಗಿಸಬೇಕಾಗಿದೆ. ಅದಕ್ಕೆ ಮೊದಲು ಪ್ರತಿ ಪೆಟ್ಟಿಗೆ ತೆರೆದು, ಒಳಗಿರುವುದು ಹೊರಗೆ ಬರೆದಿರುವುದೇ ಹೌದೋ ಅಲ್ಲವೋ ಎಂದು ನೋಡಬೇಕು. ಹದಿನೇಳನೆಯ ಪೆಟ್ಟಿಗೆಯವರೆಗೆ ಸಲೀಸಾಗಿ ಬಂದೆ. ಹದಿನೇಳು ನಿನಗೆ ನೆನಪಿರಲೇಬೇಕು: ಇನ್ನೂರ ಹನ್ನೆರಡು ಕಪ್ಪು ನೆಲಜೀರುಂಡೆಗಳು, ಮೇಷ್ಟ್ರ ಪುಸ್ತಕಕ್ಕೆ ಆಧಾರವಾದವು. ಅವರು ಅವನ್ನು ಎರಡು ಜಾತಿ ಮಾಡಿದ್ದರು. ನದಿದಂಡೆಯದಕ್ಕೆ ಪ್ರತಿ ಕಣ್ಣಿನ ಮೇಲೆ ಒಂದು ಬಿರುಗೂದಲು, ಕತ್ತಿನ ಫಲಕದ ಹಿಂದಿನ ಮೂಲೆ ಚೂಪು. ಗುಡ್ಡದ್ದಕ್ಕೆ ಎರಡು ಬಿರುಗೂದಲು, ಮೂಲೆ ದುಂಡು. ಪುಸ್ತಕದಲ್ಲಿ ನೀನು ಬರೆದ ಎರಡು ಚಿತ್ರಗಳು ಎದುರುಬದುರಾಗಿವೆ. ಇಂದಿಗೂ ಅವನ್ನು ನೋಡಿದರೆ ಹುಳು ಕಾಗದದಿಂದ ಎದ್ದು ಓಡೀತು ಎನ್ನಿಸುತ್ತದೆ.

ಆದರೆ ಪೆಟ್ಟಿಗೆಯೊಳಗಿನ ಹುಳುಗಳು ಪುಸ್ತಕದ ಮಾತು ಕೇಳುತ್ತಿಲ್ಲ. ಚೀಟಿ 'ದಂಡೆ' ಎನ್ನುತ್ತದೆ, ಕೂದಲು 'ಗುಡ್ಡ' ಎನ್ನುತ್ತದೆ. ಕೂದಲು 'ದಂಡೆ' ಎಂದರೆ ಮೂಲೆ 'ಗುಡ್ಡ' ಎನ್ನುತ್ತದೆ. ಇವನ್ನು ನನಗಿಂತ ಹತ್ತಿರದಿಂದ ನೋಡಿದವಳು ನೀನೊಬ್ಬಳೇ. ಆಗ ನಿನಗೆ ಏನಾದರೂ ಕಂಡಿತ್ತೇ? ಅಷ್ಟೇ ಕೇಳಬೇಕಿತ್ತು.

ನಿನ್ನ ಮದುವೆಯ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಅದು ನೆನಪಿದೆ.

ಚೀಟಿ

*

ಫೆಬ್ರವರಿ ೧೯

ಚೀಟಿ,

ಕಾಗದ ತಲುಪಿತು. ನನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೇ ಇದೆ, ಸಾವಕಾಶವಾಗಿ ಓದು.

ಹುಳು ನೋಡಿ ಇಪ್ಪತ್ತೆರಡು ವರ್ಷವಾಯಿತು. ಈಗ ನಾನು ನೋಡುವುದು ಗಾಜು. ಮನೆಯವರು ಅಂಗಡಿಯ ಮುಂದೆ ಕೂರುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕಲ್ಲಿಗೆ ಗಾಜು ಹಿಡಿದು ಉಜ್ಜುತ್ತೇನೆ. ಊರಿನವರಿಗೆಲ್ಲ ಕಾಣುವ ಹಾಗೆ ಮಾಡುವುದು ನನ್ನ ಕೆಲಸ. ನನಗೆ ಏನು ಕಂಡಿತ್ತು ಎಂದು ಕೇಳಿದರೆ ಏನು ಹೇಳಲಿ? ಮೇಷ್ಟ್ರು ಬರೆ ಎಂದದ್ದನ್ನು ಬರೆದೆ.

ಹಳೆಯ ಪೆಟ್ಟಿಗೆಗಳನ್ನು ಹೆಚ್ಚು ಕೆದಕಬೇಡ. ಹೊಸ ಕಟ್ಟಡಕ್ಕೆ ಹಾಗೇ ಕಳಿಸಿಬಿಡು.

ಕುಂಚ

*

ಮಾರ್ಚ್ ೨

ಕುಂಚಾ,

ಹಾಗೇ ಕಳಿಸಲು ಬಿಡುತ್ತಿಲ್ಲ. ನಮ್ಮ ಈಗಿನ ನಿರ್ದೇಶಕರು ನನ್ನ ಅಕ್ಕನ ಮಗನ ವಯಸ್ಸಿನವರು, ಒಳ್ಳೆಯ ಹುಡುಗ. ನಿನ್ನೆ ಬಂದು ನನ್ನ ಮೇಜಿನ ಪಕ್ಕ ನಿಂತರು.

"ಮೇಡಂ, ಒಂದು ಜಾತಿನೋ ಎರಡು ಜಾತಿನೋ? ಡಬ್ಬದ ಮೇಲೆ ಏನು ಬರೆಸ್ಲಿ, ಅಷ್ಟು ಹೇಳಿಬಿಡಿ."

"ಗೊತ್ತಾಗ್ತಿಲ್ಲ ಸರ್."

"ಇಷ್ಟು ವರ್ಷದಿಂದ ನೀವೇ ತಾನೇ ನೋಡ್ಕೊಳ್ತಿರೋದು?"

"ನೋಡ್ಕೊಂಡಿದ್ದೀನಿ ಸರ್. ನೋಡಿಲ್ಲ."

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆ ಬುಧವಾರದ ನಂತರ ನಾನು ಹದಿನೇಳನೆಯ ಪೆಟ್ಟಿಗೆಯ ಧೂಳು ಒರೆಸಿದ್ದೇನೆ, ನುಸಿಗುಳಿಗೆ ಇಟ್ಟಿದ್ದೇನೆ, ಆದರೆ ಒಂದು ಹುಳುವನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿಲ್ಲ. ಯಾವ ಬುಧವಾರ ಎಂದು ನಿನಗೆ ಗೊತ್ತಲ್ಲ. ಆ ಸೋಮವಾರ ಮೇಷ್ಟ್ರು ನನಗೆ ಅರವತ್ತು ಹುಳು ಕೊಟ್ಟು, ಚೀಟಿಗಳನ್ನು ಮರೆಮಾಡಿ, ಬರೀ ಮೈಲಕ್ಷಣ ನೋಡಿ ದಂಡೆಯದೋ ಗುಡ್ಡದ್ದೋ ಬರೆ ಎಂದಿದ್ದರು. ನನ್ನ ಪ್ರಬಂಧಕ್ಕೆ ಅದೇ ಮೊದಲ ಮೆಟ್ಟಿಲು. ಬುಧವಾರ ತಾಳೆ ನೋಡಿದರೆ ಅರವತ್ತರಲ್ಲಿ ಹತ್ತೊಂಬತ್ತು ತಪ್ಪಾಗಿದ್ದವು. ಚೀಟಿಗಳೆಲ್ಲ ನನ್ನದೇ ಅಕ್ಷರ. "ಬರೆಯೋವಾಗ ತಪ್ಪಿದ್ಯೋ, ನೋಡೋವಾಗ ತಪ್ಪಿದ್ಯೋ? ಎರಡ್ರಲ್ಲಿ ಯಾವುದಮ್ಮ?" ಎಂದು ಕೇಳಿದರು. ನನಗೆ ತಿಳಿಯಲಿಲ್ಲ. "ಕಣ್ಣು ನೆಟ್ಟಗಿಲ್ಲದೋರಿಗೆ ಈ ವಿದ್ಯೆ ಅಲ್ಲ" ಎಂದರು. ಕೂಗಲಿಲ್ಲ, ಮೆಲ್ಲಗೇ ಹೇಳಿದರು. ಪ್ರಬಂಧ ಅಲ್ಲಿಗೇ ನಿಂತಿತು. ನಾನು ಧೂಳು ಒರೆಸುವವಳಾಗಿ ಉಳಿದೆ.

ಈಗ ಇನ್ನೂರ ಹನ್ನೆರಡನ್ನೂ ಒಂದೊಂದಾಗಿ ನೋಡುತ್ತಿದ್ದೇನೆ. ನೆಲಜೀರುಂಡೆ ಹೌದು ಎನ್ನುವುದರಲ್ಲಿ ಅನುಮಾನವಿಲ್ಲ. ಓಡುವುದಕ್ಕೇ ಮಾಡಿದಂಥ ಉದ್ದ ಕಾಲು, ಗಟ್ಟಿ ರೆಕ್ಕೆಯ ಮೇಲೆ ಉಳುಮೆಯ ಸಾಲಿನಂಥ ಗೀರುಗಳು, ಮುಂಗಾಲಿನ ಒಳಮಗ್ಗುಲಲ್ಲಿ ಕುಡಿಮೀಸೆ ಬಾಚಿಕೊಳ್ಳುವ ಪುಟ್ಟ ಕಚ್ಚು. ಕುಲ ಗೊತ್ತು, ಮನೆ ಗೊತ್ತಾಗುತ್ತಿಲ್ಲ. ಒಣಗಿದ ಹುಳುವಿನ ಕೂದಲು ಉದುರುತ್ತದೆ, ನಿಜ. ಆದರೆ ಕೂದಲು ಹೋದರೂ ಅದು ಹುಟ್ಟಿದ ಕುಳಿ ಉಳಿಯುತ್ತದೆ; ಅದಕ್ಕೇ ನಾನು ಕೂದಲು ಬಿಟ್ಟು ಕುಳಿ ಎಣಿಸುತ್ತಿದ್ದೇನೆ. ಗಂಡಿಗೊಂದು ಹೆಣ್ಣಿಗೊಂದು ಲೆಕ್ಕವಿರಬಹುದೇ ಎಂದು, ಮುಂಗಾಲಿನ ಪಾದ ಅಗಲವಾಗಿರುವ ಗಂಡುಗಳನ್ನು ಬೇರೆ ಮಾಡಿ ನೋಡಿದೆ. ಅದೂ ಅಲ್ಲ. ನಿನ್ನೆ ಒಂದು ಸಿಕ್ಕಿತು: ಎಡಗಣ್ಣಿನ ಮೇಲೆ ಒಂದು ಕುಳಿ, ಬಲಗಣ್ಣಿನ ಮೇಲೆ ಎರಡು. ಇದನ್ನು ಯಾವ ಸಾಲಿಗೆ ಸೇರಿಸಲಿ? ನಡುವೆ ಸೀಳಲೇ?

ನೀನು ಕೆದಕಬೇಡ ಎಂದೆ. ಯಾಕೆ ಎಂದೆ?

ಚೀಟಿ

*

ಮಾರ್ಚ್ ೨೯

ಕುಂಚಾ,

ನಿನ್ನಿಂದ ಸುದ್ದಿಯಿಲ್ಲ. ಕೋಪವಿದ್ದರೆ ಇರಲಿ, ಒಂದು ಸಾಲು ಬರೆ.

ಮೊನ್ನೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಬೆಳಿಗ್ಗೆ ಎಣಿಸಿದ ಹುಳುವನ್ನು ಮಧ್ಯಾಹ್ನ ಮತ್ತೆ ಎಣಿಸುತ್ತೇನೆ, ಅದೇ ಸಂಖ್ಯೆ ಬರುತ್ತದೆ. ಆದರೂ ನಂಬಿಕೆ ಬರುವುದಿಲ್ಲ. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿದರು. ಕೊನೆಯ ಸಾಲಿನವರೆಗೂ ಓದಿದೆ. "ಏನೂ ತೊಂದ್ರೆ ಇಲ್ಲಮ್ಮ, ಹತ್ತಿರದ್ದಕ್ಕೆ ಸ್ವಲ್ಪ ಗಾಜು ಬದಲಾಯಿಸಿದ್ರೆ ಸಾಕು" ಎಂದರು. "ಇಪ್ಪತ್ತೆರಡು ವರ್ಷದ ಹಿಂದೆ ಹೇಗಿತ್ತು ಅಂತ ಈಗ ಹೇಳಕ್ಕಾಗುತ್ತಾ?" ಎಂದು ಕೇಳಿದೆ. ಅವರು ಮುಂದಿನವರನ್ನು ಕರೆದರು. ಮನೆಗೆ ಬಂದು, ಎಂಥ ಪ್ರಶ್ನೆ ಕೇಳಿದೆನಲ್ಲ ಎಂದು ನಾಚಿಕೆಯಾಯಿತು.

ಗಾಜಿನ ನಂಬರು ಬರೆದ ಕಾಗದ ಇದರ ಜೊತೆ ಇಟ್ಟಿದ್ದೇನೆ. ಕನ್ನಡಕ ಎಲ್ಲಾದರೂ ಮಾಡಿಸಬೇಕಲ್ಲ, ನಿಮ್ಮ ಅಂಗಡಿಯಲ್ಲೇ ಆಗಲಿ.

ಚೀಟಿ

*

ಏಪ್ರಿಲ್ ೨೦

ಚೀಟಿ,

ಕನ್ನಡಕ ಬೇರೆ ಪಾರ್ಸೆಲಿನಲ್ಲಿ ಬರುತ್ತದೆ. ಗಾಜು ನಾನೇ ಉಜ್ಜಿದೆ. ಉಜ್ಜುತ್ತಾ ಉಜ್ಜುತ್ತಾ ಇನ್ನು ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ ಎನ್ನಿಸಿತು. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಬುಧವಾರಕ್ಕೆ ಮುಂಚಿನ ಶುಕ್ರವಾರ. ಚಿತ್ರಕ್ಕೆಂದು ನಲವತ್ತು ಹುಳುಗಳನ್ನು ಹದಿನೇಳನೆಯ ಪೆಟ್ಟಿಗೆಯಿಂದ ತೆಗೆದುಕೊಂಡಿದ್ದೆ. ದಂಡೆಯವು ಇಪ್ಪತ್ತು, ಗುಡ್ಡದವು ಇಪ್ಪತ್ತು. ಒಣಗಿದ ಹುಳುವಿನ ಕಾಲು ಬಿಡಿಸಬೇಕಾದರೆ ಬಿಸಿನೀರಿನಲ್ಲಿ ನೆನೆಸಬೇಕಲ್ಲ. ಪಿನ್ನು ತೆಗೆದು, ಚೀಟಿಗಳನ್ನು ಬದಿಗಿಟ್ಟು, ಎರಡು ಗಾಜಿನ ಬಟ್ಟಲಲ್ಲಿ ಬೇರೆ ಬೇರೆ ನೆನೆಹಾಕಿದೆ. ಮಧ್ಯಾಹ್ನ ನೀವೆಲ್ಲ ಊಟಕ್ಕೆ ಹೋಗಿದ್ದಿರಿ. ದೀಪ ಹತ್ತಿರಕ್ಕೆ ಎಳೆದುಕೊಳ್ಳಲು ಹೋದೆ, ಮೊಣಕೈ ತಗುಲಿ ಎರಡೂ ಬಟ್ಟಲು ಮಗುಚಿದವು. ಮೇಜಿನ ಮೇಲೆ ನೀರು, ನೀರಿನಲ್ಲಿ ನಲವತ್ತು ಕಪ್ಪು ಹುಳು. ಎಲ್ಲ ಒಂದೇ ರಾಶಿ.

ಕೂದಲು ನೋಡಿ ಬೇರೆ ಮಾಡೋಣವೆಂದರೆ ಒದ್ದೆಯಾಗಿ ತಲೆಗೆ ಅಂಟಿಕೊಂಡಿತ್ತು. ಕುಳಿ ನೋಡುವುದು ನನಗೆ ಗೊತ್ತಿರಲಿಲ್ಲ, ನಾನು ಚಿತ್ರದವಳು. ಆ ಗಾಬರಿಯಲ್ಲಿ ಮೂಲೆ ಚೂಪೋ ದುಂಡೋ ಎಂದೂ ತೀರ್ಮಾನಿಸಲಾಗಲಿಲ್ಲ. ನೀವು ಬರುವ ಹೊತ್ತಾಗುತ್ತಿತ್ತು. ಕೈಗೆ ಬಂದ ಹುಳುವಿಗೆ ಕೈಗೆ ಬಂದ ಚೀಟಿ ಚುಚ್ಚಿಬಿಟ್ಟೆ, ಸಂಜೆಯವರೆಗೆ ಕೂತು ಕಾಲು ಬಿಡಿಸಿ ನಿಲ್ಲಿಸಿದೆ. ಸೋಮವಾರ ಹೇಳೋಣ ಎಂದುಕೊಂಡೆ. ಸೋಮವಾರ ಬಂದರೆ ನೀನು ಆಗಲೇ ಅರವತ್ತು ಹುಳು ಮುಂದಿಟ್ಟುಕೊಂಡು ಕೂತಿದ್ದೆ.

ಬುಧವಾರ ಮೇಷ್ಟ್ರು ನಿನ್ನನ್ನು ಕೇಳಿದಾಗ ನಾನು ಬಾಗಿಲ ಹೊರಗೇ ಇದ್ದೆ. ಪ್ರತಿ ಮಾತೂ ಕೇಳಿಸಿತು. ಒಳಗೆ ಬಂದು "ಸಾರ್, ನಾನು ಚೆಲ್ಲಿದ್ದು" ಎಂದರೆ ಮುಗಿಯುತ್ತಿತ್ತು. ಮೂರೇ ಮಾತು. ಕೈಯಲ್ಲಿ ಬಣ್ಣದ ತಟ್ಟೆ ಹಿಡಿದು ಸುಮ್ಮನೆ ನಿಂತೆ. ಆಮೇಲೆ ನಿನ್ನ ಮುಖ ನೋಡಲಾಗದೆ ಕೆಲಸ ಬಿಟ್ಟೆ. ಚಿತ್ರದ ಕೆಳಗೆ ನನ್ನ ಹೆಸರು ಹಾಕಲಿಲ್ಲವೆಂದು ಮೇಷ್ಟ್ರ ಜೊತೆ ಜಗಳ ತೆಗೆದದ್ದು ಬರೀ ನೆಪ.

ಅದು ನಿನ್ನ ಕಣ್ಣಿನ ತಪ್ಪಾಗಿರಲಿಲ್ಲ. ಆ ಪೆಟ್ಟಿಗೆಯಲ್ಲಿ ನಾನು ನೆನೆಸಿದ್ದು ಆ ನಲವತ್ತನ್ನು ಮಾತ್ರ. ಕಾಲು ನೀಟಾಗಿ ಬಿಡಿಸಿರುವವೆಲ್ಲ ಅವೇ.

ಕುಂಚ

*

ಜೂನ್ ೧

ಚೀಟಿ,

ಆರು ವಾರವಾಯಿತು. ನೀನು ಬರೆಯುವುದಿಲ್ಲ ಎಂದು ಗೊತ್ತು. ಬರೆಯಬೇಕಾಗಿಯೂ ಇಲ್ಲ. ಕನ್ನಡಕ ಕೂತಿತೋ ಇಲ್ಲವೋ ಅಷ್ಟು ಮಾತ್ರ ತಿಳಿಸು. ಮೂಗಿನ ಮೇಲೆ ಒತ್ತಿದರೆ ವಾಪಸು ಕಳಿಸು, ಬಾಗಿಸಿ ಕೊಡುತ್ತೇನೆ.

ಕುಂಚ

*

ಜುಲೈ ೧೫

ಕುಂಚಾ,

ಕನ್ನಡಕ ಸರಿಯಾಗಿ ಕೂತಿದೆ.

ನಿನ್ನ ಕಾಗದ ಓದಿದ ದಿನ ರಜೆ ಹಾಕಿ ಮನೆಗೆ ಬಂದೆ. ಅಕ್ಕ "ಯಾಕೆ, ಜ್ವರಾನಾ?" ಎಂದು ಹಣೆ ಮುಟ್ಟಿ ನೋಡಿದಳು. "ಅಲ್ಲ, ಸಿಟ್ಟು" ಎಂದೆ. "ಯಾರ ಮೇಲೆ?" ಎಂದಳು. ನಿನ್ನ ಹೆಸರು ಹೇಳಲು ಬಾಯಿ ತೆರೆದೆ. ನಿನ್ನ ನಿಜವಾದ ಹೆಸರು ತಕ್ಷಣ ನೆನಪಿಗೆ ಬರಲಿಲ್ಲ. ಅಳುತ್ತಾ ನಕ್ಕೆ. ಅಕ್ಕನಿಗೆ ಇನ್ನೂ ಗಾಬರಿಯಾಯಿತು.

ನಾಲ್ಕು ದಿನ ನಿನಗೆ ಬರೆಯಬೇಕಾದ ಬೈಗುಳಗಳನ್ನೇ ಯೋಚಿಸಿದೆ. ಐದನೆಯ ದಿನ ಪೆಟ್ಟಿಗೆ ತೆಗೆದೆ. ಕಾಲು ಬಿಡಿಸಿ ನಿಲ್ಲಿಸಿದವು ನಲವತ್ತೂ ಇದ್ದವು. ಅವನ್ನು ಬೇರೆ ಇಟ್ಟೆ. ಇನ್ನು ಉಳಿದ ನೂರ ಎಪ್ಪತ್ತೆರಡು ಪುಸ್ತಕ ಹೇಳಿದಂತೆ ಎರಡು ಸಾಲಾಗಿ ನಿಲ್ಲುತ್ತವೆ, ನಾನು ಅದನ್ನು ಮೇಷ್ಟ್ರ ಫೋಟೋದ ಮುಂದೆ ಹಿಡಿದು ತೋರಿಸುತ್ತೇನೆ ಎಂದುಕೊಂಡಿದ್ದೆ. ಅಂಥ ಖುಷಿ, ಕುಂಚಾ.

ನಿಲ್ಲಲಿಲ್ಲ. ನೂರ ಎಪ್ಪತ್ತೆರಡರಲ್ಲಿ ಮೂವತ್ತಮೂರು ಚೀಟಿಗೆ ಹೊಂದುವುದಿಲ್ಲ. ಅವುಗಳಲ್ಲಿ ಏಳಕ್ಕೆ ಎಡಗಡೆ ಒಂದು ಲೆಕ್ಕ, ಬಲಗಡೆ ಇನ್ನೊಂದು. ನೀನು ಮುಟ್ಟದ ಹುಳುಗಳು ಇವು. ಹಾಗಾದರೆ ಚೀಟಿ ಬರೆಯುವಾಗಲೇ ನಾನು ತಪ್ಪಿದ್ದೆನೇ? ಮತ್ತೆ ಅದೇ ಬುಧವಾರಕ್ಕೆ ಹೋಗಿ ಬಿದ್ದೆ.

ಚೀಟಿಯೇ ಇಲ್ಲದ ಹುಳು ಬೇಕು ಎನ್ನಿಸಿತು. ನಿರ್ದೇಶಕರನ್ನು ಕೇಳಿ ನದಿದಂಡೆಗೆ ಹೋದೆ. ಇಪ್ಪತ್ತು ಪ್ಲಾಸ್ಟಿಕ್ ಲೋಟಗಳನ್ನು ಬಾಯಿ ನೆಲಕ್ಕೆ ಸಮ ಬರುವ ಹಾಗೆ ಹೂತೆ. ಓಡಾಡುವ ಹುಳು ತಾನಾಗಿ ಒಳಗೆ ಬೀಳುತ್ತದೆ. ಈ ವಯಸ್ಸಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಣ್ಣು ತೋಡುವುದು ಏನೆಂದು ನನ್ನ ಮಂಡಿಯನ್ನು ಕೇಳು. ದೋಣಿಯವನೊಬ್ಬ ಬಹಳ ಹೊತ್ತು ನೋಡಿ, "ಏನಮ್ಮ ಕಳ್ಕೊಂಡ್ರಿ?" ಎಂದ. "ಗೊತ್ತಿಲ್ಲಪ್ಪ. ಸಿಕ್ಕಿದ ಮೇಲೆ ಗೊತ್ತಾಗುತ್ತೆ" ಎಂದೆ. ಅವನೂ ಬಂದು ಎರಡು ಲೋಟ ಹೂತುಕೊಟ್ಟ.

ವಾರದಲ್ಲಿ ಇಪ್ಪತ್ತಾರು ಹುಳು ಬಿದ್ದವು. ಎಲ್ಲ ಒಂದೇ ದಂಡೆ, ಒಂದೇ ಮಣ್ಣು. ಹದಿನೈದಕ್ಕೆ ಕಣ್ಣಿನ ಮೇಲೆ ಒಂದೊಂದು ಕೂದಲು, ಒಂಬತ್ತಕ್ಕೆ ಎರಡೆರಡು, ಇನ್ನೆರಡಕ್ಕೆ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಮೂಲೆಗಳೂ ಅಷ್ಟೇ, ಚೂಪಿನಿಂದ ದುಂಡಿನವರೆಗೆ ನಡುವೆ ಎಲ್ಲ ಬಗೆಯವೂ ಇವೆ. ನಾನು ಕಣ್ಣಾರೆ ಎತ್ತಿಕೊಂಡ ಹುಳುಗಳು. ಇವಕ್ಕೆ ಯಾರೂ ನೀರು ಚೆಲ್ಲಿಲ್ಲ, ಯಾರೂ ಚೀಟಿ ತಪ್ಪಿಸಿಲ್ಲ.

ಅಂದರೆ ಮೇಷ್ಟ್ರು ಎರಡು ಎಂದದ್ದು ಬಹುಶಃ ಒಂದೇ. ಅವರಿಗೆ ಮೊದಲು ಸಿಕ್ಕ ಹತ್ತು ಹನ್ನೆರಡು ಹುಳು ಅಕಸ್ಮಾತ್ತಾಗಿ ಹಾಗೆ ಬೇರೆಯಾಗಿ ನಿಂತಿರಬೇಕು. ಅವರು ಸುಳ್ಳು ಹೇಳಲಿಲ್ಲ; ಬೇಗ ನಂಬಿದರು. ಸದ್ಯಕ್ಕೆ ಒಂದೇ ಡಬ್ಬ ಸಾಕು, ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ ಎಂದು ನಿರ್ದೇಶಕರಿಗೆ ಹೇಳಿದೆ. "ಚಿಹ್ನೆ ಹಾಕಿದ್ರೆ ಚೆನ್ನಾಗಿರಲ್ವಲ್ಲ ಮೇಡಂ" ಎಂದರು. "ಚೆನ್ನಾಗಿಲ್ಲ ಸರ್, ಆದ್ರೆ ನಿಜ" ಎಂದೆ.

ಈಗ ನನ್ನ ತೊಂದರೆ ಏನೆಂದರೆ ಇದು. ಅವತ್ತು ನನಗೆ ತಪ್ಪಿದ ಹತ್ತೊಂಬತ್ತರಲ್ಲಿ ನೀನು ಕಲಸಿದವು ಎಷ್ಟು, ಹುಳು ತಾನಾಗಿ ಹಾಗಿದ್ದವು ಎಷ್ಟು? ಮೇಷ್ಟ್ರು ಕೊಟ್ಟ ಅರವತ್ತು ಯಾವುವೆಂದು ಎಲ್ಲೂ ಬರೆದಿಲ್ಲ. ನೀನು ಚೆಲ್ಲದಿದ್ದರೂ ನನಗೆ ಹತ್ತೋ ಹನ್ನೆರಡೋ ತಪ್ಪಾಗುತ್ತಿದ್ದವೇನೋ, ಅವರು ಅದನ್ನೇ ಕೇಳುತ್ತಿದ್ದರೇನೋ. ಅಥವಾ ಅಷ್ಟೇ ಆಗಿದ್ದರೆ "ಮತ್ತೊಮ್ಮೆ ನೋಡೋಣ" ಎನ್ನುತ್ತಿದ್ದರೇನೋ. ನಿನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಳ್ಳಬೇಕು ಎಂಬುದೇ ನನಗೆ ಗೊತ್ತಾಗುತ್ತಿಲ್ಲ. ಪೂರ್ತಿ ಮಾಡಿಕೊಂಡರೆ ಅನ್ಯಾಯ, ಬಿಟ್ಟರೆ ನನಗೇ ಅನ್ಯಾಯ.

ದಂಡೆಯಲ್ಲಿ ಸಿಕ್ಕ, ಎಡಕ್ಕೊಂದು ಬಲಕ್ಕೊಂದು ಲೆಕ್ಕವಿರುವ ಆ ಎರಡು ಹುಳುಗಳಲ್ಲಿ ಒಂದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಕಳಿಸಿದ್ದೇನೆ. ಅದಕ್ಕೆ ನನ್ನದೇ ಚೀಟಿ ಇದೆ, ಕಳೆಯಬೇಡ. ನೋಡು.

ಚೀಟಿ

*

ಆಗಸ್ಟ್ ೩

ಚೀಟಿ,

ಹುಳು ತಲುಪಿತು. ಒಂದು ಕಾಲು ಮುರಿದಿದೆ, ಅಂಚೆಯವರ ಕೃಪೆ. ತಲೆ ಸರಿಯಾಗಿದೆ.

ಗಾಜು ಪರೀಕ್ಷೆ ಮಾಡುವ ಭೂತಗನ್ನಡಿ ಇಟ್ಟು ನೋಡಿದೆ. ಎಡಕ್ಕೆ ಒಂದು, ಬಲಕ್ಕೆ ಎರಡು. ಕೈ ಸುಮ್ಮನಿರಲಿಲ್ಲ, ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದೆ. ಅರ್ಧ ತಲೆ ಬರೆದಾದ ಮೇಲೆ ಕೈ ತಾನಾಗಿ ಕಾಗದ ಮಡಿಸಿತು. ಆಗಲೇ ಹೊಳೆದದ್ದು.

ನಿನಗೆ ಗೊತ್ತಿರಲಿಕ್ಕಿಲ್ಲ. ಆ ಪುಸ್ತಕದ ಒಂದು ಚಿತ್ರವನ್ನೂ ನಾನು ಪೂರ್ತಿ ಬರೆದಿಲ್ಲ. ಹುಳುವಿನ ಎಡಗಡೆ ಅರ್ಧ ಮಾತ್ರ ನೋಡಿ ಬರೆಯುತ್ತಿದ್ದೆ. ಆಮೇಲೆ ನಡುಗೆರೆಗೆ ಕಾಗದ ಮಡಿಸಿ, ಹಿಂದಿನಿಂದ ಉಜ್ಜಿ, ಬಲಗಡೆ ಒತ್ತಿ ತೆಗೆಯುತ್ತಿದ್ದೆ. "ಎರಡೂ ಕಡೆ ಒಂದೇ ತಾನೇ, ಯಾಕೆ ಹೊತ್ತು ಹಾಳು?" ಎಂದು ಮೇಷ್ಟ್ರೇ ಹೇಳಿಕೊಟ್ಟಿದ್ದರು. ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಅವರ ಪುಸ್ತಕ ನೋಡಿದ ಯಾರಿಗೂ ಎಡಕ್ಕೊಂದು ಬಲಕ್ಕೆರಡು ಇರಬಹುದು ಎಂಬ ಅನುಮಾನವೇ ಬರದಂತೆ ನಾನು ಮಾಡಿಟ್ಟಿದ್ದೇನೆ. ನನ್ನ ಬಲಗಡೆಗಳನ್ನು ನಾನು ನೋಡಿಯೇ ಇರಲಿಲ್ಲ.

ಚೆಲ್ಲಿದ್ದು ಗೊತ್ತಿದ್ದ ತಪ್ಪು. ಇದು ಗೊತ್ತಿಲ್ಲದೆ ಮಾಡಿದ್ದು. ಯಾವುದು ದೊಡ್ಡದು? ಮನೆಯವರಿಗೆ ಎಲ್ಲ ಹೇಳಿದೆ, ಮದುವೆಯಾದ ಮೇಲೆ ಮೊದಲ ಸಲ. ಅವರು ಲೋಟ ಕೆಳಗಿಟ್ಟು, "ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡು ಹೇಗಿದ್ದೆ?" ಎಂದರು. "ಹೀಗೇ ಇದ್ದೆ" ಎಂದೆ. ಆಮೇಲೆ, "ಹೋಗಿ ನೋಡ್ಕೊಂಡು ಬಾ. ಅಂಗಡಿ ಎಲ್ಲೂ ಓಡಿಹೋಗಲ್ಲ" ಎಂದರು.

ಬರಲೇ? ನೀನು ಬೇಡ ಎಂದರೆ ಬೇಡವೇ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ.

ಕುಂಚ

*

ಆಗಸ್ಟ್ ೧೪

ಕುಂಚಾ,

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಅವಳಿಗೆ ಹುಳುವಿನ ವಿಷಯ ಅರ್ಥವಾಗಲಿಲ್ಲ, ಉಳಿದದ್ದೆಲ್ಲ ಅರ್ಥವಾಯಿತು. "ಹೊರಗಿನ ಕೋಣೆ ಗುಡಿಸಿಡ್ತೀನಿ" ಎಂದು ಎದ್ದುಹೋದಳು. ಹಾಗಾಗಿ ನಾನು ಹೂಂ ಎನ್ನುವ ಮೊದಲೇ ಹೂಂ ಆಗಿಹೋಗಿದೆ.

ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕ್ಷಮೆ ಕೇಳಲೆಂದು ಬರಬೇಡ. ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ. ಒಂದು ದಿನ ಆಗಿದೆ ಅನ್ನಿಸುತ್ತದೆ, ಮಾರನೆಯ ದಿನ ಮೇಜಿನ ಮುಂದೆ ಕೂತಾಗ ಇಲ್ಲ ಅನ್ನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯುವ ಚಾಳಿ ನನಗೆ ಇನ್ನು ಬೇಡ.

ಕೆಲಸಕ್ಕೆ ಬಾ. ಗುಡ್ಡದ ಮೇಲಿನಿಂದ ಇನ್ನೂ ಹೊಸ ಹುಳು ತಂದಿಲ್ಲ. ಅಲ್ಲಿಯೂ ದಂಡೆಯ ಹಾಗೇ ಕಲಸಿಕೊಂಡಿವೆಯೋ ನೋಡದೆ ಒಂದೇ ಜಾತಿ ಎಂದು ಹೇಳಿಬಿಟ್ಟರೆ ನಾನೂ ಮೇಷ್ಟ್ರ ಹಾಗೆ ಬೇಗ ನಂಬಿದಂತಾಗುತ್ತದೆ. ನಿರ್ದೇಶಕರು ಎರಡು ವಾರದ ಮಟ್ಟಿಗೆ ಜೀಪು ಕೊಡುತ್ತೇನೆ ಎಂದಿದ್ದಾರೆ. ಒಬ್ಬಳು ಎಣಿಸಬೇಕು, ಒಬ್ಬಳು ಬರೆಯಬೇಕು. ಚಿತ್ರವೂ ಹೊಸದು ಬೇಕು. ಈ ಸಲ ಕಾಗದ ಮಡಿಸುವ ಹಾಗಿಲ್ಲ. ನಲವತ್ತರ ಪಿನ್ನುಗಳಿಗೆ 'ಸ್ಥಳ ಖಚಿತವಿಲ್ಲ' ಎಂಬ ಚೀಟಿಯನ್ನು ನೀನೇ ನಿನ್ನ ಕೋಳಿ ಅಕ್ಷರದಲ್ಲಿ ಬರೆದು, ಯಾಕೆ ಎಂದೂ ಬರೆದು, ಕೆಳಗೆ ನಿನ್ನ ನಿಜವಾದ ಹೆಸರು ಹಾಕಬೇಕು.

ಸೋಮವಾರ ಬೆಳಗಿನ ಬಸ್ಸಿಗೆ ಬಂದರೆ ನಿಲ್ದಾಣಕ್ಕೆ ಬರುತ್ತೇನೆ. ನನ್ನ ತಲೆ ಪೂರ್ತಿ ನರೆತಿದೆ, ಗುರುತು ಸಿಗದಿದ್ದರೆ ಕನ್ನಡಕ ನೋಡು.

ಇನ್ನೊಂದು. ಮೇಜಿನ ಮುಂದೆ ಕೂತಾಗ ನಾನು ಗಂಟೆಗಟ್ಟಲೆ ಮಾತಾಡದೆ ಇದ್ದರೆ ಕೋಪ ಎಂದುಕೊಂಡು ಎದ್ದು ಹೋಗಬೇಡ. ಎಣಿಸುತ್ತಿರುತ್ತೇನೆ. ಕೋಪ ಬಂದಾಗ ಬಾಯಿಬಿಟ್ಟು ಹೇಳುತ್ತೇನೆ.

ಚೀಟಿ